ಅಲುಗಾಡದ ಸ್ಟ್ಯಾಂಡು

ಕೃಷಿ ಕಾಲೇಜಿನ ಕೀಟ ವಿಭಾಗದಲ್ಲಿ ದಾನಮ್ಮ ಅಟೆಂಡರ್. ಮುಖ್ಯಸ್ಥರಾದ ಡಾಕ್ಟರ್ ಮರುಳಸಿದ್ಧಯ್ಯನವರು ಅಕ್ಕಿಹುಳದ ಫೋಟೋ ತೆಗೆಯಲೆಂದು, ಮೇಜಿನ ಮೇಲಿಡುವ ಮೂರು ಕ್ಯಾಮೆರಾ ಸ್ಟ್ಯಾಂಡುಗಳನ್ನು ಅಂಗಡಿಯಿಂದ ತರಿಸಿದ್ದರು. ಒಂದನ್ನು ಆರಿಸಿ ಉಳಿದವನ್ನು ಸಂಜೆಯೊಳಗೆ ವಾಪಸು ಕಳಿಸಬೇಕಿತ್ತು.

ಗಿಡ್ಡ ಕಾಲಿನದನ್ನು ಇಟ್ಟು ನೋಡಿದರು. ಹುಳ ಮಸುಕು. ಬಗ್ಗುವ ಕಾಲಿನದರಲ್ಲೂ ಮಸುಕು. ಅಗಲ ಪಾದದ ಭಾರದ್ದೂ ಅಷ್ಟೇ.

"ನೀನು ಸರಿಯಾಗಿ ಬಿಗಿ ಮಾಡಿಲ್ಲ! ಇನ್ನೊಂದು ಫೋಟೋ ಅಲುಗಿದರೆ ನಿನ್ನನ್ನು ಗೇಟು ಕಾಯೋಕೆ ಹಾಕಿಸ್ತೀನಿ" ಎಂದು ಸಾಹೇಬರು ಗದರಿದರು.

ದಾನಮ್ಮ ಆಗಲೇ ಕಂಡುಕೊಂಡಿದ್ದಳು. ಸಾಹೇಬರು ಕೂತರೆಂದರೆ ಅವರ ಬಲಗಾಲು ಹೊಲಿಗೆ ಯಂತ್ರ ತುಳಿದಂತೆ ಕುಣಿಯುತ್ತಿತ್ತು. ಮೊಣಕಾಲು ಮೇಜಿಗೆ ತಾಗುತ್ತಲೇ ಇತ್ತು. ಅದನ್ನು ಅವರಿಗೇ ಹೇಳುವುದು ಹೇಗೆ?

"ಸರ್, ಹುಳಕ್ಕೆ ಬೆಳಕು ಸಾಲದು. ಈ ಬಿಳಿ ರಟ್ಟು ಎತ್ತಿ ಹಿಡಿದು ಕಿಟಕಿ ಹತ್ತಿರ ನಿಂತ್ಕೊಳ್ಳಿ. ನಿಮ್ಮಷ್ಟು ಎತ್ತರ ನಾನೆಲ್ಲಿ?"

ಸಾಹೇಬರು ಗತ್ತಿನಿಂದ ಹೋಗಿ ನಿಂತರು. ದಾನಮ್ಮ ಗುಂಡಿ ಒತ್ತಿದಳು. ಹುಳದ ಮೀಸೆಯ ಗಂಟುಗಂಟೂ ಕಂಡಿತು.

"ನೋಡಿದೆಯಾ! ಭಾರದ್ದೇ ಒಳ್ಳೆಯದು ಅಂತ ನನಗೆ ಮೊದಲೇ ಗೊತ್ತಿತ್ತು. ಬಳಸುವ ಕ್ರಮ ಬರೆದು ಗೋಡೆಗೆ ಅಂಟಿಸು."

ದಾನಮ್ಮ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು: "ಫೋಟೋ ತೆಗೆಯುವಾಗ ಮುಖ್ಯಸ್ಥರು ಕಿಟಕಿಯ ಬಳಿ ನಿಂತಿರತಕ್ಕದ್ದು."

ಸಾಹೇಬರು ಕುರ್ಚಿಯಲ್ಲಿ ಕೂತು ಅದನ್ನು ಓದಿದರು. ಮೇಜಿನ ಮೇಲಿನ ಟೀ ಲೋಟ ಗಿಲಗಿಲ ಅಂದಿತು. ಅವರು ಲೋಟ ನೋಡಿದರು, ತಮ್ಮ ಮೊಣಕಾಲು ನೋಡಿದರು, ಆಮೇಲೆ ದಾನಮ್ಮನನ್ನು ನೋಡಿದರು.

"ಬೆಳಕಿಗೋಸ್ಕರ ತಾನೇ?" ಎಂದು ಮೆಲ್ಲಗೆ ಕೇಳಿದರು.

"ಮತ್ತಿನ್ನೇನು ಸರ್, ಬೆಳಕಿಗೋಸ್ಕರವೇ" ಎಂದಳು ದಾನಮ್ಮ.