ಹತ್ತು ನಿಂಬೆಹಣ್ಣಿನ ಆಟ

ಮಲ್ಲಕಂಬದ ಆಟವನ್ನು ಅಳೆಯುವುದರಲ್ಲಿ ಪರ್ವತಯ್ಯನ ಕಣ್ಣಿಗೆ ಸಮನಾದ ಕಣ್ಣಿಲ್ಲ ಎಂದು ಸರ್ಜಪ್ಪ ನಾಯಕನ ಸಂಸ್ಥಾನದಲ್ಲಿ ಎಲ್ಲರೂ ನಂಬಿದ್ದರು. ಪರ್ವತಯ್ಯನೂ ನಂಬಿದ್ದ.

ನಾಯಕನಿಗೆ ಬೇರೆ ಆಟ ಹಿಡಿಸುತ್ತಿರಲಿಲ್ಲ. "ಓಟದಲ್ಲಿ ನೋಡೋದಕ್ಕೇನಿದೆ? ಮುಂದೆ ಬಂದವನು ಗೆದ್ದ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದವನು ಸೋತ. ಮಲ್ಲಕಂಬ ಹಾಗಲ್ಲ. ಅದಕ್ಕೆ ರಸಿಕ ಬೇಕು."

"ನನಗೆ ಓಟವೇ ವಾಸಿ ಪ್ರಭು," ಎಂದ ಆಸ್ಥಾನದ ವಿದೂಷಕ ಲಕ್ಕರಸ. "ಗೆದ್ದವನು ಯಾರು ಅಂತ ಸೊಪ್ಪು ಮಾರುವವಳನ್ನು ಕೇಳಿದರೂ ಹೇಳುತ್ತಾಳೆ."

"ಅದಕ್ಕೇ ನೀನು ರಸಿಕನಲ್ಲ."

ಲಕ್ಕರಸ ಒಪ್ಪಿಕೊಂಡ.

ಆ ವರ್ಷ ಕುಂಬಾರಕೇರಿಯ ಗರಡಿಗೆ ಕುತ್ತು ಬಂದಿತ್ತು. ಅರಮನೆಯ ಗರಡಿಯ ಎದುರು ಎರಡು ವರ್ಷ ಸೋತಿದ್ದರು. ಮೂರನೆಯ ಸಲವೂ ಸೋತರೆ ಅವರ ಜಾಗವನ್ನು ಕುದುರೆ ಲಾಯ ಮಾಡಬೇಕೆಂದು ಅಪ್ಪಣೆಯಾಗಿತ್ತು. ಗರಡಿಯ ಗುರು ಮರಿಬಸಪ್ಪ ಲಕ್ಕರಸನ ಮನೆಗೆ ಬಂದ.

"ಹೋದ ವರ್ಷ ನಮ್ಮ ಸಿದ್ಲಿಂಗನ ಕಾಲು ನಡುಗಿತು ಅಂದರು ಬುದ್ಧಿ. ಅವನು ತಲೆಕೆಳಗಾಗಿ ನಿಂತಾಗ ಅಂಗಾಲ ಮೇಲೆ ದೀಪ ಇಟ್ಟರೂ ಅಲ್ಲಾಡಲ್ಲ."

"ಪರ್ವತಯ್ಯನವರಿಗೆ ಕಾಣಿಸಿತಲ್ಲ."

"ಹೇಗೆ ಕಾಣಿಸಿತು ಅಂತಲೇ ತಿಳೀತಿಲ್ಲ."

"ಈ ಸಲ ನಿಮ್ಮ ಗರಡಿಯಿಂದ ಎರಡು ಆಟ ಅಂತ ಬರೆಸು. ಎರಡನೆಯದನ್ನ ನನಗೆ ಬಿಡು."

ಆಟದ ದಿನ ಬಂತು. ಪರ್ವತಯ್ಯ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ನಾಯಕನ ಮುಂದೆ ಕೂತ. ಆಟ ಎಷ್ಟು ಚೆನ್ನಾಗಿದೆಯೋ ತಟ್ಟೆಗೆ ಅಷ್ಟು ಹಣ್ಣು, ಹತ್ತಕ್ಕೆ ಮೀರುವಂತಿಲ್ಲ.

ಅರಮನೆ ಗರಡಿಯ ಆಳು ಕಂಬ ಹತ್ತಿದ. ನಡುವೆ ಒಮ್ಮೆ ಗೇಣುದ್ದ ಜಾರಿದ. ನಾಯಕ ಅಭಿಮಾನದಿಂದ "ಭಲೇ" ಎಂದ. ಒಂಬತ್ತು ಹಣ್ಣು ಬಿತ್ತು.

ಸಿದ್ಲಿಂಗ ಎಲ್ಲೂ ತಪ್ಪಲಿಲ್ಲ. ಅಷ್ಟು ಹೊತ್ತಿಗೆ ನಾಯಕನಿಗೆ ಆಕಳಿಕೆ ಬಂದಿತ್ತು. ನಾಲ್ಕು ಹಣ್ಣು.

"ಕಾಲು ನಡುಗಿತು," ಎಂದ ಪರ್ವತಯ್ಯ.

ಲಕ್ಕರಸ ಎದ್ದ. "ಪ್ರಭು, ಕುಂಬಾರಕೇರಿಯದು ಇನ್ನೊಂದು ಆಟ ಇದೆ. ಅದಕ್ಕೆ ಎಲ್ಲರಿಗಿಂತ ಹೆಚ್ಚು ಹಣ್ಣು ಬಿದ್ದರೆ ಗರಡಿ ಉಳಿಯುತ್ತೆ ತಾನೆ?"

"ಉಳಿಯುತ್ತೆ. ಪರ್ವತಯ್ಯ ಹೇಳಿದ್ದೇ ಕೊನೆ."

ಡೋಲು ಶುರುವಾಯಿತು. ಕಂಬದ ಹತ್ತಿರ ಯಾರೂ ಬರಲಿಲ್ಲ. ಡೋಲು ಜೋರಾಯಿತು. ಆಗಲೂ ಬರಲಿಲ್ಲ. ನಾಯಕ ಹುಬ್ಬೇರಿಸಿದ, ಮುಂದಕ್ಕೆ ಬಾಗಿದ, ಬಾಯಿ ಬಿಟ್ಟುಕೊಂಡು ಬರಿಯ ಕಂಬವನ್ನೇ ನೋಡಿದ. ಜನರೂ ಸದ್ದಿಲ್ಲದೆ ನಿಂತರು. ಡೋಲು ನಿಂತಿತು.

ಪರ್ವತಯ್ಯ ತಟ್ಟೆಗೆ ಒಂದೊಂದಾಗಿ ಹತ್ತು ಹಣ್ಣು ಇಟ್ಟ.

"ಹತ್ತೂ?" ಎಂದ ನಾಯಕ.

"ಹದಿನೆಂಟು ವರ್ಷದಲ್ಲಿ ಇದೇ ಮೊದಲು ಪ್ರಭು. ಎಂಥ ಹಗುರ ಮೈ. ಕಂಬದ ಮೇಲೆ ಆಳೇ ಇಲ್ಲವೇನೋ ಅನ್ನುವ ಹಾಗಿತ್ತು."

ನಾಯಕ ಪೇಟ ಜಾರುವಷ್ಟು ನಕ್ಕ. "ನಿನ್ನ ಗರಡಿ ಉಳಿಯಿತು ಮರಿಬಸಪ್ಪ. ಲಕ್ಕರಸ, ಪರ್ವತಯ್ಯನ ಕಣ್ಣಿಗೆ ಏನಾಗಿದೆ?"

"ಕಣ್ಣು ಚೆನ್ನಾಗಿಯೇ ಇದೆ ಪ್ರಭು. ನಿಮ್ಮ ಹುಬ್ಬು ಎಷ್ಟು ಏರಿತು ಅನ್ನೋದನ್ನ ಅವರಷ್ಟು ಸರಿಯಾಗಿ ಯಾರೂ ಅಳೆಯಲಾರರು."

"ಮತ್ತೆ ಕಂಬ ಯಾಕೆ ಕಾಣಲಿಲ್ಲ?"

"ಅರಸರ ಮುಂದೆ ಕೂತವರು ಅರಸರಿಗೆ ಬೆನ್ನು ತೋರಿಸಬಾರದು ಅನ್ನೋದು ಅರಮನೆಯ ಕಟ್ಟಳೆ. ಹದಿನೆಂಟು ವರ್ಷದಿಂದಲೂ ಕಂಬ ಇರೋದು ಅವರ ಬೆನ್ನ ಹಿಂದೆ."