ದೋಣಿಯಲ್ಲಿ ಬಟ್ಟೆ ಬದಲಿಸುವವನು

ಈ ದಡದಲ್ಲಿ ಆಶ್ರಮ, ಆ ದಡದಲ್ಲಿ ಕಂಪನಿ, ನಡುವೆ ಕಾಳಯ್ಯನ ದೋಣಿ. ಉಮಾಪತಿ ದಿನಾ ಬೆಳಿಗ್ಗೆ ಶಿಷ್ಯನಾಗಿ ದೋಣಿ ಹತ್ತಿ ನೌಕರನಾಗಿ ಇಳಿಯುತ್ತಿದ್ದ.

ಮೊದಲು ಶರ್ಟು. ಆಮೇಲೆ ಪಂಚೆಯೊಳಗಿಂದಲೇ ಪ್ಯಾಂಟು ಏರಿಸಿ ಪಂಚೆ ಕಳಚುವ ಸರ್ಕಸ್ಸು. ಆಮೇಲೆ ಟೈ, ಶೂ. ಕಟ್ಟಕಡೆಗೆ ಕರ್ಚೀಫನ್ನು ನದಿಗೆ ಅದ್ದಿ, ಬೆಳಗಿನ ಪೂಜೆಯಾದ ಮೇಲೆ ಗುರುಗಳು ಕೈಯಾರೆ ಹಣೆಗೆ ಎಳೆದಿದ್ದ ವಿಭೂತಿಯನ್ನು ಒರೆಸುವುದು.

"ಅಲ್ಲಾಡಬೇಡಿ ಸ್ವಾಮಿ," ಎನ್ನುತ್ತಿದ್ದ ಕಾಳಯ್ಯ. "ನೀವು ಚೆಂದ ಆಗೋ ಹೊತ್ತಿಗೆ ನಾನು ಮುಳುಗೋಗ್ತೀನಿ."

ಸಂಜೆ ಇದೇ ಕೆಲಸ ತಿರುವುಮುರುವಾಗಿ. ಮತ್ತೆ ಹಚ್ಚಿಕೊಳ್ಳಲು ವಿಭೂತಿಗಟ್ಟಿ ಬ್ಯಾಗಿನ ಒಳಜೇಬಿನಲ್ಲೇ ಇರುತ್ತಿತ್ತು.

ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅದು ಸರಕು ಸಾಗಿಸುವ ಕಂಪನಿ. ಯಾವ ಲಾರಿ ಎಲ್ಲಿ, ಯಾಕೆ ತಡವಾಯಿತು ಎಂದು ಪತ್ತೆಹಚ್ಚುವುದು ಉಮಾಪತಿಯ ಕೆಲಸ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶುಕ್ರವಾರ ಅವನ ಮೇಲಧಿಕಾರಿ ಹೇಮಲತಾ ಮೇಡಂ ಕರೆದು ಕೂರಿಸಿಕೊಂಡರು.

"ಕೆಲಸದಲ್ಲಿ ತಪ್ಪು ಹುಡುಕೋ ಹಾಗಿಲ್ಲ, ಉಮಾಪತಿ. ಆದ್ರೆ ನಿಮ್ಮನ್ನ ನೋಡಿದ್ರೆ ಈಗಷ್ಟೇ ಏನೋ ಕದ್ದು ಬಂದವರ ಥರ ಇರ್ತೀರಿ."

"ಇಲ್ಲ ಮೇಡಂ."

"ಈಗಲೂ ಹಾಗೇ ಇದ್ದೀರಿ. ಸೋಮವಾರ ಡೈರೆಕ್ಟರುಗಳ ಮುಂದೆ ನೀವೇ ಮಾತಾಡಬೇಕು. ನಿಮ್ಮನ್ನ ಇಟ್ಟುಕೊಳ್ಳೋದೋ ಬಿಡೋದೋ ಅಲ್ಲೇ ತೀರ್ಮಾನ. ನೀಟಾಗಿ ಬನ್ನಿ."

ನೀಟಾಗಿ ಎಂದರೇನು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಭಾನುವಾರ ಸಂಜೆ ಗುರುಗಳು ಒಗೆದು ಒಣಗಿಸಿದ ಕಾವಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದರು. ಮಡಿಸಿದ್ದನ್ನು ಹಾಸಿಗೆಯ ಕೆಳಗಿಟ್ಟು ಅಂಗೈಯಿಂದ ಒತ್ತಿದರು. ಆಶ್ರಮದ ಇಸ್ತ್ರಿಪೆಟ್ಟಿಗೆ ಅದೇ.

ಉಮಾಪತಿ ಅಡ್ಡಬಿದ್ದು ಕೂತ. ಪ್ರಶ್ನೆಯನ್ನು ಅವನು ನಿನ್ನೆಯೇ ಸಿದ್ಧಮಾಡಿಕೊಂಡಿದ್ದ.

"ಬುದ್ಧಿ, ಬಟ್ಟೆ ನೋಡಿ ಮನುಷ್ಯನನ್ನ ಅಳೆಯೋದು ಸರಿಯಾ?"

ಉತ್ತರವನ್ನೂ ಅವನೇ ಊಹಿಸಿಟ್ಟುಕೊಂಡಿದ್ದ. ಬಟ್ಟೆ ಹರಿಯುವಂಥದ್ದು, ದೇಹ ಅಳಿಯುವಂಥದ್ದು, ಇತ್ಯಾದಿ. ಅದರಿಂದ ಸೋಮವಾರಕ್ಕೆ ಏನೂ ಉಪಯೋಗವಿರಲಿಲ್ಲ. ಕೇಳಲು ಹಿತವಾಗಿರುತ್ತಿತ್ತು, ಅಷ್ಟೆ.

"ಶರ್ಟು ಯಾವ ಬಣ್ಣ?" ಎಂದರು ಗುರುಗಳು.

"ತಿಳಿ ನೀಲಿ ಬುದ್ಧಿ."

"ಇಸ್ತ್ರಿ?"

"ಆಗಿದೆ."

"ಮತ್ತೇನು ತೊಂದರೆ?"

ಉಮಾಪತಿ ತಡವರಿಸಿದ. "ಬಟ್ಟೆ ಮುಖ್ಯ ಅಲ್ಲ ಅಂತೀರೇನೋ ಅಂದ್ಕೊಂಡಿದ್ದೆ."

"ನಾನು ಪಟ್ಟೆ ಬನಿಯನ್ ಹಾಕ್ಕೊಂಡು ಕೂತಿದ್ರೆ ನೀನು ಈಗ ಅಡ್ಡಬೀಳ್ತಿದ್ಯಾ?"

ಸುಳ್ಳು ಹೇಳಲು ಅವನಿಗೆ ಮನಸ್ಸಿತ್ತು, ಧೈರ್ಯ ಸಾಲಲಿಲ್ಲ. "ಸ್ವಲ್ಪ ಯೋಚನೆ ಮಾಡ್ತಿದ್ದೆ ಬುದ್ಧಿ."

"ಹೂಂ. ಅದಕ್ಕೇ ಇದನ್ನ ಹಾಸಿಗೆ ಕೆಳಗಿಡೋದು. ಹೋಗು, ನಾಳೆ ಏನು ಹಾಕ್ಕೋತೀಯೋ ಹಾಕ್ಕೊಂಡು ಬಾ. ನೋಡೋಣ."

ಆಶ್ರಮದೊಳಗೆ ಉಮಾಪತಿ ಒಂದು ದಿನವೂ ಪ್ಯಾಂಟು ಹಾಕಿದವನಲ್ಲ.

"ಇಲ್ಲೇನಾ?"

"ಇನ್ನೆಲ್ಲಿ?"

ಅವನು ಕೋಣೆಗೆ ಹೋದ. ಗುಂಡಿ ಒಂದು ಮನೆ ತಪ್ಪಿತು, ಬಿಚ್ಚಿ ಮತ್ತೆ ಹಾಕಿದ. ಟೈ ಗಂಟು ಒಮ್ಮೆ ಕತ್ತು ಹಿಸುಕಿತು, ಒಮ್ಮೆ ಹೊಟ್ಟೆಯ ತನಕ ಇಳಿಯಿತು. ಗೋಡೆಯ ಕನ್ನಡಿ ಅಂಗೈಯಗಲದ್ದು. ಅದರಲ್ಲಿ ಒಂದು ಸಲಕ್ಕೆ ಮೂಗೋ ಕಿವಿಯೋ ಕಾಣುತ್ತಿತ್ತೇ ಹೊರತು ಮನುಷ್ಯ ಕಾಣುತ್ತಿರಲಿಲ್ಲ.

ಶೂಗಳನ್ನು ಕೈಯಲ್ಲಿ ಹಿಡಿದು, ಬರೀ ಕಾಲುಚೀಲದಲ್ಲಿ ಬಂದು ಹೊಸ್ತಿಲಾಚೆ ನಿಂತ.

ಗುರುಗಳು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಕಣ್ಣು ಹಣೆಯ ಮೇಲೆ ನಿಂತಿತು.

ಉಮಾಪತಿ ಹಣೆ ಮುಟ್ಟಿಕೊಂಡ. ಒದ್ದೆ.

ಕೋಣೆಯಲ್ಲಿ ಟೈ ಆದದ್ದೇ ರೂಢಿಯಂತೆ ಕರ್ಚೀಫು ಬಂದಿತ್ತು, ಕೈ ಹೂಜಿಯ ನೀರಿಗೆ ಹೋಗಿತ್ತು. ಕೈಗೆ ಇದು ದೋಣಿಯಲ್ಲ, ಗುರುಗಳ ಪಕ್ಕದ ಕೋಣೆ ಎಂಬುದು ಹೊಳೆದೇ ಇರಲಿಲ್ಲ.

ಅವನು ಅಲ್ಲೇ ಕೂತ. "ತಪ್ಪಾಯ್ತು ಬುದ್ಧಿ."

"ದಿನಾ ಒರೆಸ್ತೀಯ?"

"ಹೂಂ."

"ಆಫೀಸಲ್ಲಿ ಯಾರಾದ್ರೂ ಒರೆಸು ಅಂದ್ರಾ?"

"ಇಲ್ಲ ಬುದ್ಧಿ. ಅವರು ನೋಡಿಯೇ ಇಲ್ಲ. ನಗ್ತಾರೇನೋ ಅಂತ ನಾನೇ..."

"ಪ್ಯಾಂಟು ಯಾಕೆ ಇಲ್ಲಿ ಹಾಕ್ಕೊಳ್ಳಲ್ಲ? ನಾನು ಬೈದಿದ್ನಾ?"

"ಇಲ್ಲ. ನೀವು ಬೇಜಾರು ಮಾಡ್ಕೋತೀರೇನೋ ಅಂತ."

"ಎಲ್ಲಿ ಬದಲಾಯಿಸ್ತೀಯ?"

"ದೋಣೀಲಿ."

ಗುರುಗಳು ಹಾಸಿಗೆಯ ಕೆಳಗಿನ ಕಾವಿಯನ್ನು ಇನ್ನೊಮ್ಮೆ ಒತ್ತಿದರು.

"ಹಂಗಾದ್ರೆ ನಿನ್ನನ್ನ ಪೂರ್ತಿಯಾಗಿ ನೋಡಿರೋನು ಕಾಳಯ್ಯ ಒಬ್ಬನೇ."

ಉಮಾಪತಿಗೆ ಅದು ಬೈಗುಳವೋ ಬೋಧನೆಯೋ ತಿಳಿಯಲಿಲ್ಲ. ಅವನಿಗೆ ಬೇಕಿದ್ದುದು ಎರಡೂ ಅಲ್ಲ.

"ನಾಳೆ ವಿಭೂತಿ ಇಟ್ಕೊಂಡು ಹೋಗಲಾ, ಒರೆಸ್ಕೊಂಡು ಹೋಗಲಾ? ಅಷ್ಟು ಹೇಳಿಬಿಡಿ ಬುದ್ಧಿ. ಕೆಲಸದ ಪ್ರಶ್ನೆ."

"ಇಟ್ಕೋ. ಇಲ್ಲಾ ಒರೆಸ್ಕೋ. ಹಣೆ ನಿಂದು. ದೋಣೀಲಿ ಮಾತ್ರ ಏನೂ ಬದಲಾಯಿಸಬೇಡ."

ಸೋಮವಾರ ಬೆಳಿಗ್ಗೆ ಅವನು ಪೂಜೆಗೆ ಪ್ಯಾಂಟಿನಲ್ಲೇ ಕೂತ. ಅಡುಗೆಯ ಗಂಗಮ್ಮ ಬಾಗಿಲಲ್ಲಿ ನಿಂತು, "ಮದುವೆಗಾ?" ಎಂದರು. ಗುರುಗಳು ಎಂದಿನಂತೆ ಹಣೆಗೆ ವಿಭೂತಿ ಎಳೆದರು.

ದೋಣಿಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಭಯಪಡಲು ಬೇಕಾದಷ್ಟು ಬಿಡುವಿತ್ತು. ಎರಡು ಸಲ ಕರ್ಚೀಫು ಹೊರಗೆ ಬಂತು, ಎರಡು ಸಲ ಒಳಗೆ ಹೋಯಿತು.

"ಏನ್ ಸ್ವಾಮಿ, ಇವತ್ತು ದೋಣಿ ಅಲ್ಲಾಡ್ತಾನೇ ಇಲ್ಲ," ಎಂದ ಕಾಳಯ್ಯ. "ಹುಷಾರಿಲ್ವಾ?"

ಆ ದಡದ ಮೆಟ್ಟಿಲ ಬಳಿ ಇಳಿದ ಮೇಲೆ ಅವನು ಮತ್ತೊಮ್ಮೆ ನಿಂತ. ಇಲ್ಲಿ ಒರೆಸಬಹುದು, ಇದು ದೋಣಿಯಲ್ಲ. ಗುರುಗಳ ಮಾತಿನಲ್ಲಿ ಅಷ್ಟು ಸಂದು ಇತ್ತು. ಆದರೆ ಆಫೀಸಿನ ವಾಹನ ಆಗಲೇ ಬಂದು ನಿಂತಿತ್ತು. ಅದರೊಳಗೆ ಎಲ್ಲರೂ ಕೂತಿದ್ದರು. ಹೊತ್ತು ಮೀರಿತ್ತು.

ಸಂಜೆ ಅವನು ಅದೇ ಬಟ್ಟೆಯಲ್ಲಿ ಆಶ್ರಮಕ್ಕೆ ಬಂದ. ಶೂ ಬಿಟ್ಟು, ಕಾಲು ತೊಳೆದು, ಗುರುಗಳ ಎದುರು ಕೂತ. ಮುಖ ಬಾಡಿತ್ತು.

"ಕೆಲಸದಿಂದ ತೆಗೆದುಬಿಟ್ರಾ?"

"ಇಲ್ಲ ಬುದ್ಧಿ. ಖಾಯಂ ಮಾಡಿದ್ರು."

"ಮತ್ತೆ ಮುಖ ಯಾಕೆ ಹಂಗಿದೆ?"

"ಮಾತು ಶುರುಮಾಡಿದಾಗ ಹಣೆ ಬಿಟ್ಟು ಬೇರೇನೂ ತಲೇಲಿ ಇರಲಿಲ್ಲ. ಒಬ್ಬರು ಡೈರೆಕ್ಟರು ಫೋನು ನೋಡ್ತಿದ್ರು. ಇನ್ನೊಬ್ಬರು ಲಾರಿ ಟೋಲ್ ಹತ್ರ ಯಾಕೆ ನಿಲ್ಲುತ್ತೆ ಅಂದ್ರು. ಹೇಳ್ತಾ ಹೇಳ್ತಾ ಹಣೆ ಮರೆತೇಹೋಯ್ತು."

"ವಿಭೂತಿಗೆ ಏನಂದ್ರು?"

"ಏನೂ ಅನ್ನಲಿಲ್ಲ. ಸಂಜೆವರೆಗೂ ಕಾದೆ. ತಡೀಲಾರದೆ ನಾನೇ ಮೇಡಂನ ಕೇಳಿದೆ. ಹಣೆ ಪರವಾಗಿಲ್ವಾ ಮೇಡಂ ಅಂದೆ. ಹಣೆಗೇನಾಯ್ತು, ಎಲ್ಲಾದ್ರೂ ಬಡೀತಾ ಅಂದ್ರು."

ಗುರುಗಳು ನಗು ಅದುಮಿಕೊಂಡರು. "ಮತ್ತೆ?"

ಉಮಾಪತಿಯ ದನಿ ಇಳಿಯಿತು. "ಆಮೇಲೆ ಒಂದು ಮಾತು ಹೇಳಿದ್ರು. ಕಪ್ಪು ಶೂಗೆ ಕಂದು ಬೆಲ್ಟು ಹಾಕ್ಕೊಂಡು ಬಂದಿದ್ದೀರಲ್ಲ ಅಂದ್ರು. ಬುದ್ಧಿ, ಬೆಲ್ಟಿನ ಯೋಚನೆ ನನಗೆ ಬಂದೇ ಇರಲಿಲ್ಲ. ಇಷ್ಟು ತಿಂಗಳು ಅದನ್ನೇ ಹಾಕ್ಕೊಂಡು ಓಡಾಡಿದ್ದೀನಿ. ಎಲ್ಲರೂ ನೋಡಿರ್ತಾರೆ."

ಗುರುಗಳು ಬಗ್ಗಿ ಅವನ ಬೆಲ್ಟು ನೋಡಿದರು. ಹೌದು, ಕಂದು.

"ಅಂತೂ ಕಾಳಯ್ಯನನ್ನ ಬಿಟ್ಟು ಇನ್ನೊಬ್ಬರು ನಿನ್ನನ್ನ ನೋಡಿದ್ರು," ಎಂದರು. "ನಾಳೆ ಕಪ್ಪು ಬೆಲ್ಟು ತಗೊಂಡುಬಿಡು."