ತೊಟ್ಟಿಲವ್ವ ಹಾಕಿದ ಹಾರ

ಕೇಳಿ ಮಕ್ಕಳೇ. ನಮ್ಮ ನಿಮ್ಮ ಮೈಯೊಳಗೇ ಒಂದು ರಾಜ್ಯವಿತ್ತು. ಜೀವಕೋಶ ಅಂತ ಅದರ ಹೆಸರು. ಸಾಸಿವೆ ಕಾಳೊಂದು ಪಕ್ಕದಲ್ಲಿ ಬಂದು ಕೂತರೆ ಬೆಟ್ಟವೇ ಬಂದು ಕೂತ ಹಾಗೆ, ಅಷ್ಟು ಚಿಕ್ಕದು.

ಅಲ್ಲಿನ ಪ್ರಜೆಗಳೆಲ್ಲ ಪ್ರೋಟೀನುಗಳು. ಹುಟ್ಟುವಾಗ ಮಣಿ ಪೋಣಿಸಿದ ಉದ್ದನೆಯ ಎಳೆಗಳು. ಸರಿಯಾಗಿ ಮಡಿಸಿಕೊಂಡರೆ ಒಬ್ಬ ಬಾಗಿಲು ತೆರೆಯುತ್ತಿದ್ದ, ಒಬ್ಬ ಹೊರೆ ಹೊರುತ್ತಿದ್ದ, ಒಬ್ಬ ಗೋಡೆ ಕಟ್ಟುತ್ತಿದ್ದ. ಅಂಟಿನ ಮೈ ಒಳಗಿರಬೇಕು, ನುಣುಪಿನ ಮೈ ಹೊರಗಿರಬೇಕು. ಅದೇ ಸರಿಯಾದ ಮಡಿಕೆ.

ಮಡಿಸಿಕೊಳ್ಳಲು ಬಾರದ ಕೂಸುಗಳನ್ನು ತೊಟ್ಟಿಲವ್ವ ಎಂಬ ಮುದುಕಿ ಎತ್ತಿಕೊಂಡು ತನ್ನ ದುಂಡನೆಯ ಕೋಣೆಯಲ್ಲಿ ಮಲಗಿಸಿ ಮುಚ್ಚಳ ಹಾಕುತ್ತಿದ್ದಳು. ಅವಳು ಮಡಿಸುತ್ತಿರಲಿಲ್ಲ. ಯಾರೂ ತಾಗದ ಹಾಗೆ ಕಾಯುತ್ತಿದ್ದಳು, ಅಷ್ಟೇ. ಒಳಗೆ ಎಳೆ ತಾನಾಗಿಯೇ ತನ್ನ ರೂಪ ಕಂಡುಕೊಳ್ಳುತ್ತಿತ್ತು. ಎಷ್ಟು ಸಲ ನೋಡಿದರೂ ಮುದುಕಿಗೆ ಮೈ ಜುಮ್ಮೆನ್ನುತ್ತಿತ್ತು.

ಒಬ್ಬ ಮಾತ್ರ ತಿರುಗಾಮುರುಗಾ ಮಡಿಸಿಕೊಂಡ. ಅಂಟೆಲ್ಲ ಹೊರಗೆ. ಅವನೇ ಅಂಟಣ್ಣ.

ಮೊದಲ ಸಲ ತೊಟ್ಟಿಲವ್ವ, "ಬಾ ಮಗಾ, ಬಿಚ್ಚಿ ಮತ್ತೆ ಮಡಿಸಿಕೋ" ಎಂದು ಕೋಣೆಗೆ ಕಳಿಸಿದಳು. ಹಾಗೇ ಹೊರಬಂದ. ಎರಡನೆಯ ಸಲ ಕಳಿಸಿದಳು. ಹಾಗೇ ಹೊರಬಂದ. ಮೂರನೆಯ ಸಲ ಕರೆದರೆ, "ಹೋಗಜ್ಜಿ, ನಿನ್ನ ಗೂಡು ನೀನೇ ಇಟ್ಕೋ! ನನಗೇನು ಕಮ್ಮಿಯಾಗಿದೆ?" ಎಂದ.

ಅಷ್ಟರಲ್ಲಿ ರಾಜ್ಯಕ್ಕೆ ಜ್ವರ ಬಂತು. ಬಿಸಿಗೆ ಎಲ್ಲರ ಮಡಿಕೆ ಸಡಿಲವಾಯಿತು. ಬಾಗಿಲವನು ಅಂಟಣ್ಣನಿಗೆ ಅಂಟಿಕೊಂಡ. ಹೊರೆಯವನು ಅಂಟಿಕೊಂಡ. ಗೋಡೆಯವನೂ ಅಂಟಿಕೊಂಡ. ದೊಡ್ಡ ಮುದ್ದೆಯಾಗಿ ದಾರಿಗೇ ಅಡ್ಡ ಬಿದ್ದರು. ಊಟ ಬರಲಿಲ್ಲ, ಕಸ ಹೋಗಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ರಾಜ್ಯವೇ ಸಾಯುತ್ತಿತ್ತು.

"ನೋಡಜ್ಜಿ, ಈಗ ದೊರೆಗಿಂತ ನಾನೇ ದೊಡ್ಡವನು!" ಎಂದ ಅಂಟಣ್ಣ.

ತೊಟ್ಟಿಲವ್ವ ಅವನ ಬೆನ್ನು ಸವರಿದಳು. ತಾನೇ ಎತ್ತಾಡಿಸಿದ ಕೂಸು. ಆದರೂ ನಗುತ್ತಾ ಹಾರವೊಂದನ್ನು ತಂದು ಅವನ ಬೆನ್ನಿಗೆ ಕಟ್ಟಿದಳು.

"ನನಗಾ?" ಅಂಟಣ್ಣ ಉಬ್ಬಿಹೋದ.

"ನಿನಗೇ ಕಣೋ. ಅಲ್ಲಿ ದಾರಿಯ ಕೊನೆಗೆ ಗೋಪುರ ಕಾಣ್ತದಲ್ಲ, ಈ ಹಾರ ಇದ್ದವರನ್ನು ಅದರ ಕಾವಲಿನವರು ತಡೆಯೋದಿಲ್ಲ. ಬಾಗಿಲು ಮಾತ್ರ ಚಿಕ್ಕದು. ನಿನ್ನ ಎಳೆಯ ತುದಿ ಮುಂದೆ ಮಾಡಿ ಹೋಗಬೇಕು."

ಗೋಪುರದೊಳಗೆ ಏನಿದೆ ಎಂದು ಅವನು ಕೇಳಲಿಲ್ಲ. ಮೆರವಣಿಗೆಯ ಗತ್ತಿನಲ್ಲಿ ಮುದ್ದೆಯನ್ನೂ ಎಳೆದುಕೊಂಡು ಹೋಗಿ ತುದಿಯನ್ನು ಬಾಗಿಲೊಳಗೆ ತೂರಿಸಿದ. ಕಾವಲಿನವರು ಹಾರ ನೋಡಿದರು, ತುದಿ ಹಿಡಿದರು, ಎಳೆದರು. ಸರಸರ ಸರಸರ! ಗಂಟೆಲ್ಲ ಬಿಚ್ಚಿತು. ಅಂಟಿಕೊಂಡಿದ್ದವರೆಲ್ಲ ಕಳಚಿ ಹೊರಗೆ ಬಿದ್ದರು. ತೊಟ್ಟಿಲವ್ವ ಒಬ್ಬೊಬ್ಬರನ್ನೇ ಎತ್ತಿ ಕೋಣೆಗೆ ಒಯ್ದಳು. ಅವರೆಲ್ಲ ತಮ್ಮ ತಮ್ಮ ರೂಪಕ್ಕೆ ಬಂದು ಕೆಲಸಕ್ಕೆ ಓಡಿದರು. ದಾರಿ ತೆರೆಯಿತು. ರಾಜ್ಯ ಉಸಿರಾಡಿತು.

ಗೋಪುರದೊಳಗೆ ಕತ್ತರಿಗಳಿದ್ದವು. ಅಂಟಣ್ಣ ಚೂರುಚೂರಾಗಿ, ಕೊನೆಗೆ ಬಿಡಿ ಮಣಿಗಳಾಗಿ ಹೊರಬಂದ. ತೊಟ್ಟಿಲವ್ವ ಅಳುತ್ತಾ ಮಣಿಗಳನ್ನು ಬೊಗಸೆಯಲ್ಲಿ ತುಂಬಿಕೊಂಡಳು. ಒಂದೊಂದನ್ನೂ ತಿರುವಿ ನೋಡಿದಳು. ಎಲ್ಲ ಮಣಿಯೂ ಚೊಕ್ಕವಾಗಿತ್ತು! ಕೆಟ್ಟದ್ದು ಮಡಿಕೆ, ಮಣಿಯಲ್ಲ. ಅವೇ ಮಣಿಗಳನ್ನು ಪೋಣಿಸಿ ರಾಜ್ಯದ ಕೆಲಸಗಾರರು ಹೊಸ ಎಳೆಗಳನ್ನು ಮಾಡಿದರು. ಮುದುಕಿ ಬೆರಗಾಗಿ ಕೈ ಮುಗಿದಳು.

ಮಕ್ಕಳೇ, ತಿಳಿಯಬೇಕಾದದ್ದು ಇಷ್ಟು. ತಪ್ಪಿದವರಿಗೆ ತಿದ್ದಿಕೊಳ್ಳಲು ಮತ್ತೆ ಮತ್ತೆ ಜಾಗ ಕೊಡಿ. ತಿದ್ದಿಕೊಳ್ಳದೆ, ಬೇರೆಯವರನ್ನೂ ಕೆಡಿಸುವವನ ಗಂಟು ಬಿಚ್ಚಲು ಮಾತ್ರ ಹಿಂದೆಮುಂದೆ ನೋಡಬೇಡಿ.